ರಷ್ಯಾಕ್ಕೆ ಬೇರೆ ಕೊನೆ

ಕೂತುಕೋ. ಆ ಕುರ್ಚಿಗೆ ಒಂದು ಕಾಲು ಸಡಿಲ, ಗೋಡೆಗೆ ಆನಿಸಿ ಕೂರು.
ಚಿತ್ರಭಂಡಾರದವರು ಕಳಿಸಿದರೆಂದೆ. ನಿನ್ನ ಪ್ರಶ್ನೆಯೂ ಗೊತ್ತು:
ಡಬ್ಬಿ ಎರಡು ಸಿಕ್ಕಿವೆ, ಸಿನಿಮಾ ಒಂದೇ,
ಕೊನೆ ಮಾತ್ರ ಬೇರೆ ಬೇರೆ. ಯಾವುದು ಅಸಲಿ?

ಎರಡನ್ನೂ ಅಂಟಿಸಿದವಳು ನಾನೇ.
ವಾಲ್ಬಿಯ ಸ್ಟುಡಿಯೋದಲ್ಲಿ ಉದ್ದನೆ ಮೇಜು, ಹನ್ನೊಂದು ಹುಡುಗಿಯರು,
ಬಿಳಿ ಕೈಗವಸು, ಕತ್ತರಿ, ಕುಂಚ, ಮೂಗು ಉರಿಸುವ ಅಂಟು.
ನಮ್ಮ ಡೆನ್ಮಾರ್ಕಿಗೆ ಸುಖದ ಕೊನೆ:
ಬಂದರುಕಟ್ಟೆಯ ಮೇಲೆ ಅಪ್ಪುಗೆ, ಗಾಳಿಗೆ ಹಾರುವ ಅವಳ ಟೋಪಿ.
ರಷ್ಯಾಕ್ಕೆ ಹೋಗುವ ಪ್ರತಿಗೆ ಸಾವು:
ಅದೇ ಕಟ್ಟೆ, ನೀರ ಮೇಲೆ ಬರೀ ಟೋಪಿ.
ಅತ್ತು ಹಗುರಾಗದಿದ್ದರೆ ಅಲ್ಲಿಯವರು
ದುಡ್ಡು ವಾಪಸು ಕೇಳುತ್ತಾರೆ ಎನ್ನುತ್ತಿದ್ದ ಮ್ಯಾನೇಜರು.
ಟೋಪಿ ಒಂದೇ ಇತ್ತು. ಆದ್ದರಿಂದ
ಮೊದಲು ಅಪ್ಪುಗೆ, ಆಮೇಲೆ ಸಾವು.

ಕತೆಯೇ? ಕತೆಯೇನು ಮಹಾ.
ಗಿರಣಿಯವನ ಮಗಳು, ಅಂಬಿಗನ ಮಗ,
ಒಂದು ಸೇಬಿಗೆ ಇಬ್ಬರ ಹಲ್ಲು.
ಬೆಳದಿಂಗಳಿಗೆ ನೀಲಿ ಬಣ್ಣದಲ್ಲಿ ಅದ್ದಿದ ರೀಲು.
ಆಮೇಲೆ ಕಪ್ಪಿನ ಮೇಲೆ ಬಿಳಿಯ ಅಕ್ಷರ:
"ಹತ್ತು ವರ್ಷಗಳು ಉರುಳಿದವು."
ನಾಲ್ಕು ಸೆಕೆಂಡು ಸಾಕು,
ನಿಧಾನ ಓದುವವರ ಸಲುವಾಗಿ ಐದು.
ಆ ತುಂಡನ್ನು ಒಮ್ಮೆ ಅಳೆದು ನೋಡಿದೆ,
ಹಿಮ್ಮಡಿಯಿಂದ ನೆತ್ತಿಯವರೆಗೆ ಹಿಡಿದು:
ಸರಿಯಾಗಿ ನನ್ನಷ್ಟು ಎತ್ತರ.

ಮಾರ್ಸ್ತಾಲಿನಲ್ಲಿ ಆಸ್ಗರ್ ಎಂಬೊಬ್ಬನಿದ್ದ.
ಸೇಬು ಗೀಬು ಇಲ್ಲ. ಹೆರಿಂಗ್ ಮೀನಿನ ಉಪ್ಪಿಗೆ
ಒಡೆದ ಬೆರಳು ಇಬ್ಬರಿಗೂ.
ಜೇಷ್ಠಮಧುವಿನ ಮಿಠಾಯಿಗೆಂದು
ನನ್ನಿಂದ ಎರಡು ಓರೆ ಸಾಲ ತೆಗೆದುಕೊಂಡಿದ್ದ.
ಹದಿನೈದಕ್ಕೆ ಹಡಗು ಹತ್ತಿದ, ಅಡುಗೆಯ ಹುಡುಗನಾಗಿ,
ನ್ಯೂಫೌಂಡ್‌ಲ್ಯಾಂಡಿನ ಕಡೆಗೆ.
ತೆರೆಯ ಮೇಲಿನವರು ಕೈಬೀಸುತ್ತಲೇ ಇರುತ್ತಾರೆ, ಹಡಗು ಚುಕ್ಕಿಯಾಗುವ ತನಕ.
ನನಗೆ ಮೀನು ತೊಳೆಯುವುದಿತ್ತು, ನಡುವೆಯೇ ಎದ್ದುಬಂದೆ.

ಹತ್ತಲ್ಲ, ಹನ್ನೊಂದು ವರ್ಷ.
ಅವು ಉರುಳಲಿಲ್ಲ, ಒಂದೊಂದನ್ನೂ ನಾನೇ ನೂಕಬೇಕಾಯಿತು.

ಆಮೇಲೊಂದು ಶನಿವಾರ, ವೆಸ್ಟರ್‌ಬ್ರೋದ ಚಿಕ್ಕ ಟಾಕೀಸು.
ನಾನೇ ಅಂಟಿಸಿದ ಪ್ರತಿ ಹೇಗೆ ಓಡುತ್ತಿದೆಯೆಂದು ನೋಡಲು ಹೋದವಳು.
ಪಿಯಾನೋದವನಿಗೆ ನೆಗಡಿ, ಸೀನಿದಾಗೆಲ್ಲ ಮೌನ.
ಎರಡು ಸಾಲು ಮುಂದೆ, ಆ ಕುತ್ತಿಗೆ.
ಕುತ್ತಿಗೆಗೆ ವಯಸ್ಸಾಗುವುದು ನಿಧಾನ ಕಣಪ್ಪ, ಥಟ್ಟನೆ ಗುರುತಾಯಿತು.
ಪಕ್ಕದಲ್ಲಿ ಹೆಂಡತಿ, ಟೋಪಿಯ ಮೇಲೆ ಮೇಣದ ಚೆರ್ರಿ ಹಣ್ಣು.
ಕಟ್ಟೆಯ ಮೇಲೆ ಇಬ್ಬರೂ ಅಪ್ಪಿಕೊಂಡರು, ಟೋಪಿ ಹಾರಿತು,
ಜನ ಚಪ್ಪಾಳೆ ತಟ್ಟಿದರು.
ಆಸ್ಗರ್ ಅಳುತ್ತಿದ್ದ.
ಸುಖದ ಕೊನೆಗೆ ಅಳುವವರುಂಟೇ? ಭುಜ ಕುಲುಕುತ್ತಿತ್ತು,
ಅವಳು ಮುಖ ತಿರುಗಿಸದೆ ಕರವಸ್ತ್ರ ಕೊಟ್ಟಳು,
ಅಭ್ಯಾಸವಾದವಳ ಹಾಗೆ.
ನನಗಾಗಿಯೇ ಅತ್ತನೆಂದು ಬರೆದುಕೊಳ್ಳಬೇಡ.
ಚುಟ್ಟಾದ ಹೊಗೆ ವಿಪರೀತ ಇತ್ತು.
ನಾನು ನೋಡುತ್ತಿದ್ದುದು ಅಂಟಿನ ಜಾಗ.
ಅಲ್ಲಿ ಚಿತ್ರ ಕೂದಲೆಳೆಯಷ್ಟು ಜಿಗಿಯುತ್ತದೆ.
ಆ ರಾತ್ರಿ ಜಿಗಿಯಲಿಲ್ಲ. ಅಷ್ಟು ಚೆನ್ನಾಗಿ ಅಂಟಿಸಿದ್ದೆ.
ದೀಪ ಹತ್ತುವ ಮೊದಲೇ ಎದ್ದುಬಂದೆ,
ಎರಡು ಓರೆ ಕೇಳಲಿಲ್ಲ.

ಅಸಲಿಯ ಮಾತು ಬಿಡು. ಇದನ್ನು ನೋಡು,
ಸಕ್ಕರೆ ಡಬ್ಬಿಯಲ್ಲಿ ಸುತ್ತಿಟ್ಟ ಗೇಣುದ್ದದ ತುಂಡು.
ನೆಲಕ್ಕೆ ಬಿದ್ದದ್ದು, ಕಸದ ಬುಟ್ಟಿಗೆ ಹೋಗಬೇಕಿದ್ದದ್ದು,
ನಾನು ಕದ್ದದ್ದು ಇಷ್ಟೇ.
ಕಟ್ಟೆಯ ಮೇಲೆ ನಾಯಕಿ, ಟೋಪಿ ಮಡಿಲಲ್ಲಿ,
ಕ್ಯಾಮೆರಾ ಓಡುತ್ತಿರುವುದು ತಿಳಿಯದೆ
ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದಾಳೆ.
ಮುಂದಿನದು ಅಪ್ಪುಗೆಯೋ ನೀರೋ
ಅವಳಿಗಿನ್ನೂ ಯಾರೂ ಹೇಳಿಲ್ಲ.

ಕಿಟಕಿಯ ಬೆಳಕಿಗೆ ಹಿಡಿ. ಮೇಣದಬತ್ತಿ ಆಚೆ ಸರಿಸು,
ಬೇಗ ಹೊತ್ತಿಕೊಳ್ಳುತ್ತದೆ ಇದು, ಹಳೆಯ ಫಿಲ್ಮು.