ದಶಾಂಶದ ಬಲಗಡೆ

ಮೂವತ್ತೊಂದು ವರ್ಷ ನಾನು ಉಸಿರು ಬಿಗಿಹಿಡಿದು ದುಡಿದವಳು.
ಅಲಂಕಾರಕ್ಕೆ ಹೇಳುತ್ತಿಲ್ಲ, ಕೆಲಸವೇ ಹಾಗಿತ್ತು:
ಕರ್ಕ್‌ಲ್ಯಾಂಡ್ ಲೇಕಿನ ಗಣಿ, ಅದರ ಪರೀಕ್ಷೆಯ ಕೋಣೆ,
ಗಾಜಿನ ಪೆಟ್ಟಿಗೆಯೊಳಗೆ ತಕ್ಕಡಿ,
ತಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಮಣಿ.
ಉಸಿರು ಬಿಟ್ಟರೆ ಮುಳ್ಳು ಅಲುಗುತ್ತಿತ್ತು,
ಮುಳ್ಳು ಅಲುಗಿದರೆ
ನೆಲದಡಿಯ ಇಡೀ ಬಂಡೆಯ ಲೆಕ್ಕ ತಪ್ಪುತ್ತಿತ್ತು.

ವಿಲೀನವೆಂದರೇನೆಂದು ಕಲಿತದ್ದೂ ಅಲ್ಲೇ.
ಕಲ್ಲು ಪುಡಿಮಾಡಿ, ಸೀಸದೊಡನೆ ಕರಗಿಸಿ,
ಎಲುಬಿನ ಬೂದಿಯ ಕುಡಿಕೆಗೆ ಸೀಸವನ್ನು ಕುಡಿಸಿ,
ಉಳಿದ ಮಣಿಯನ್ನು ಆಮ್ಲಕ್ಕೆ ಹಾಕಿದರೆ
ಬೆಳ್ಳಿ ವಿಲೀನವಾಗುತ್ತದೆ.
ಚಿನ್ನ ತಳದಲ್ಲಿ ಕೂರುತ್ತದೆ, ಕಪ್ಪಗೆ, ಮಸಿಯ ಹಾಗೆ;
ಇನ್ನೊಮ್ಮೆ ಕಾಯಿಸಿದರೆ ಹಳದಿ.
ಬೆಳ್ಳಿ ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ.

ಅದೇ ಪದ, ದಪ್ಪ ಅಕ್ಷರದಲ್ಲಿ,
ಏಪ್ರಿಲಿನಲ್ಲಿ ಬಂದ ಇನ್ನೂರ ಹದಿನಾಲ್ಕು ಪುಟದ ಕಟ್ಟಿನ ಮೇಲೆ.
ಕೆಳಗೆ, ಸಣ್ಣದಾಗಿ: ಸಮಾನರ ನಡುವೆ.
ನೂರ ಎಂಬತ್ತಾರನೆಯ ಪುಟದಲ್ಲಿ
ಅಧ್ಯಕ್ಷರು ಇಳಿಯುವ ಪ್ಯಾರಾಚೂಟಿನ ಅಳತೆ.

ಈ ಮನುಷ್ಯನೇ, ಪಂಪು ನಿಂತು
ಎಂಟನೇ ಮಟ್ಟದವರೆಗೆ ನೀರು ಏರಿದ್ದ ವರ್ಷ,
ನಮ್ಮ ಫಿನ್ನಿಷ್ ಹಾಲಿಗೆ ಬಂದಿದ್ದ.
ಮೀನಿನ ಸಾರು ಎರಡು ಸಲ ಹಾಕಿಸಿಕೊಂಡ.
"ಷೇರು ಹಿಡಿದುಕೊಳ್ಳಿ, ಬಿಡಬೇಡಿ" ಅಂದ.
ಒಂದಕ್ಕೆ ನಲವತ್ತು ಸೆಂಟು. ಮೂರೂವರೆ ಸಾವಿರ ಕೊಂಡೆ.
ಹಿಡಿದುಕೊಳ್ಳುವುದು ನನಗೆ ಬರುತ್ತಿದ್ದ ಒಂದೇ ವಿದ್ಯೆ.

ಸಭೆ ಟೊರಾಂಟೊದಲ್ಲಿ. ರಾತ್ರಿಯ ಬಸ್ಸು.
ಜೊತೆಗೆ ಓವಿಲಾ ಗೋತಿಯೇ, ಸುರಂಗಕ್ಕೆ ಮರ ಕಟ್ಟುತ್ತಿದ್ದವ,
ಮೊಣಕಾಲು ಮಡಚಲಾರ, ದಾರಿಯುದ್ದಕ್ಕೂ ನಿಂತೇ ಬಂದ.
ಮೈಕಿನ ಮುಂದೆ ತಲೆಗೊಂದು ನಿಮಿಷ.
ಚಿನ್ನದ ಬೆಲೆ ದಿನಾ ಏರುತ್ತಿರುವಾಗ
ಗಣಿಯನ್ನು ಅಗ್ಗಕ್ಕೆ ಕೊಡುವ ಅವಸರವೇನು ಎಂದೆ.
"ಒಳ್ಳೆಯ ಪ್ರಶ್ನೆ" ಅಂದರು. ಮುಂದಿನವರನ್ನು ಕರೆದರು.
ದೊಡ್ಡ ಫಂಡುಗಳ ಮತ ಎರಡು ದಿನ ಮೊದಲೇ ಬಿದ್ದು ಮುಗಿದಿತ್ತಂತೆ.
ಹೊಳೆಯಲ್ಲಿ ಹುಣಸೆ ತೊಳೆಯಲು
ನಾವು ಇಷ್ಟು ದೂರ ಬಂದಿದ್ದೆವು.
ಓವಿಲಾ ಎರಡು ಬಿಸ್ಕತ್ತು ಜೇಬಿಗೆ ಹಾಕಿದ.
"ಡಿವಿಡೆಂಡು" ಅಂದ.

ಹಳೆಯದೊಂದಕ್ಕೆ ಹೊಸದು ಸೊನ್ನೆ ದಶಾಂಶ ಸೊನ್ನೆ ಒಂಬತ್ತು ಮೂರು ಏಳು.
ನನ್ನ ಪಾಲಿಗೆ ಮುನ್ನೂರ ಇಪ್ಪತ್ತೇಳು,
ದಶಾಂಶ ಒಂಬತ್ತು ಐದು.
ಬಲಗಡೆಯದನ್ನು ಕತ್ತರಿಸಿ ಚೆಕ್ಕು ಕಳಿಸಿದರು:
ಹದಿಮೂರು ಡಾಲರು, ನಲವತ್ತೊಂಬತ್ತು ಸೆಂಟು.

ದುಡ್ಡಿನ ಮಾತಲ್ಲ ಅನ್ನಲಾರೆ; ದುಡ್ಡಿನ ಮಾತೇ.
ಆದರೆ ಆ ಕೋಣೆಯಲ್ಲಿ
ಗುಲಗಂಜಿಯ ನೂರನೇ ಒಂದು ಪಾಲನ್ನೂ
ನಾನು ಕೈಯಾರೆ ಬಿಟ್ಟಿದ್ದಿಲ್ಲ.
ಮೇಲಿನವರು ಬಂದು "ಐಲಿ, ಸುಮಾರಾಗಿ ಹೇಳು" ಅಂದರೆ
ಸುಮಾರು ಅನ್ನುವ ಬಟ್ಟು ನನ್ನ ಪೆಟ್ಟಿಗೆಯಲ್ಲಿಲ್ಲ ಅನ್ನುತ್ತಿದ್ದೆ.
ಅವರು ನಗುತ್ತಿದ್ದರು.
ನನ್ನ ಅಂಕಿ ನಂಬಿಯೇ ಬಾವಿ ಇಳಿಸುತ್ತಿದ್ದರು.

ಚೆಕ್ಕು ವಾಪಸು ಕಳಿಸಿದೆ. ಬರೆದೆ:
ಹಣ ಬೇಡ, ನನ್ನ ಸೊನ್ನೆ ದಶಾಂಶ ಒಂಬತ್ತು ಐದು ಕೊಡಿ.
ಅಂಥ ವಸ್ತು ಅಸ್ತಿತ್ವದಲ್ಲಿಲ್ಲ ಎಂದು ಉತ್ತರ ಬಂತು,
ಅಚ್ಚಾದ ಸಹಿ.
ಇದೆ, ಎಂದು ಮತ್ತೆ ಬರೆದೆ, ತೂಗಿ ತೋರಿಸುತ್ತೇನೆ.
ಅದೇ ಉತ್ತರ, ಅದೇ ಸಹಿ,
ಈ ಸಲ ನನ್ನ ಹೆಸರಲ್ಲಿ ಒಂದಕ್ಷರ ತಪ್ಪು.

ಮೂರನೆಯದನ್ನು ಈಗ ಬರೆಯುತ್ತಿದ್ದೇನೆ.
ಹೊರಗೆ ಹಿಮ ತೆಗೆಯುವ ಗಾಡಿ
ಎದುರು ಮನೆಯ ದಾರಿಯನ್ನಷ್ಟೇ ಬಿಡಿಸಿ ಹೋಗಿದೆ.
ಅಂಚೆಚೀಟಿಯ ಬೆಲೆಯೂ ಏರಿದೆ.