ಏಳರಿಂದ ಒಂದಕ್ಕೆ

ಚೀಟಿ ಸಿಕ್ಕಿತು. ಒಂದು ಮಗ್ಗುಲಲ್ಲಿ ಅಪ್ಪನ ಅಕ್ಷರ:
ದಪ್ಪ ಇಪ್ಪತ್ತು ಮೂಟೆ, ಮಧ್ಯಮ ಹನ್ನೊಂದು, ಗೋಲಿ ಆರು.
ಮನೆಯೊಳಗೆ ಗಡ್ಡೆ ಗೆಣಸು ಬೇಯಿಸದ ಜೈನರು ನಾವು;
ಅಪ್ಪ ಮಾತ್ರ ಹಾಸನದ ಮಂಡಿಯಲ್ಲಿ ದಿನವಿಡೀ
ಆಲೂಗಡ್ಡೆಗೆ ದರ್ಜೆ ಕೊಡುತ್ತಿದ್ದರು.
ಇನ್ನೊಂದು ಮಗ್ಗುಲು ನನ್ನದು ಮತ್ತು ಧರಣಿಯದು:
ನೀಲಿ ಲಾಟೀನಿನ ಕಂಪನಿಯ ಕಾರ್ಟೂನು ಸಿನಿಮಾ ಏಳು,
ಕೆಟ್ಟದ್ದರಿಂದ ಒಳ್ಳೆಯದಕ್ಕೆ.

ಏಳನೆಯದು, ಜಗಳವಿಲ್ಲದೆ, ಹೆಬ್ಬಾತಿನ ರಾಜಕುಮಾರಿ.
ಬಾಗಿಲು ತೆರೆದರೆ ಹಾಡು, ಮುಚ್ಚಿದರೆ ಹಾಡು,
ಹಸಿವಾದರೂ ಹಾಡೇ.
ಪಕ್ಕದಲ್ಲಿ ಧರಣಿ ಬರೆದಿದ್ದಾನೆ: ಊಟ ಮಾಡೇ ತಾಯಿ.

ಆರು, ಟೋಪಿ ಹಾಕಿ ಚಕ್ರದ ಮೇಲೆ ಜಾರುವ ಆನೆ.
ಆಲೂರು ಕಡೆಯ ಹಾಲಿನ ನಿಂಗೇಗೌಡ ಕ್ಯಾನು ಇಳಿಸಿ
ಕಿಟಕಿಯಿಂದ ಐದು ನಿಮಿಷ ನೋಡಿ ಹೇಳಿದ್ದ:
"ನಮ್ ಗದ್ದೆಗ್ ಬರೋದು ಟೋಪಿ ಹಾಕಳಲ್ಲ ಕಣವ್ವ."
ಆಮೇಲೆ ಆ ಆನೆಯನ್ನು ನಂಬಲಾಗಲಿಲ್ಲ.

ಐದು, ಗಾಳಿಗೆ ಸ್ವೆಟರು ಹೆಣೆಯುವ ಹಿಮದೂರಿನ ಮುದುಕಿ.
ಧರಣಿ ಅವಳನ್ನು ಎರಡಕ್ಕೆ ಏರಿಸಿದ, ನಾನು ಇಳಿಸಿದೆ,
ಅವನು ಮತ್ತೆ ಏರಿಸಿದ; ರಬ್ಬರು ಉಜ್ಜಿ ಉಜ್ಜಿ
ಅಲ್ಲಿ ಕಾಗದ ತೆಳುವಾಗಿ
ಅಪ್ಪನ ಗೋಲಿ ಆರು ಇಣುಕುತ್ತದೆ.

ನಾಲ್ಕು ಯಾವುದೋ. ನೆನಪಿಲ್ಲ. ಕೆಂಪು ಛತ್ರಿಯೊಂದಿತ್ತು.

ಮೂರು, ಗಡಿಯಾರದೊಳಗೆ ಬಾಡಿಗೆಗಿದ್ದ ಅಣ್ಣ ತಂಗಿ.
ಎರಡು, ವಿಳಾಸ ಓದಲು ಬಾರದ ಪೋಸ್ಟ್‌ಮ್ಯಾನ್ ಕಪ್ಪೆ.
ಆ ಇಂಗ್ಲಿಷು ನಮಗೂ ಬಾರದು; ಅವನು ನಮ್ಮವನು.

ಒಂದು, ಕರಡಿ ಮರಿ.
ಪೆನ್ಷನ್ ಮೊಹಲ್ಲಾದ ಸಮೀವುಲ್ಲಾರ ಅಂಗಡಿಯಿಂದ
ಹನ್ನೊಂದು ಸಲ ತಂದದ್ದು.
ಮರಿ ಕಾಡೆಲ್ಲ ಅಲೆದು, ನದಿ ದಾಟಿ, ಕೊನೆಗೊಂದು
ಬಾಗಿಲ ಮುಂದೆ ನಿಂತು ತಟ್ಟುತ್ತದೆ. ಬಾಗಿಲು ತೆರೆಯುತ್ತದೆ.
ಟೀವಿಯ ತುಂಬ ಗೆರೆ, ಒಂದು ಕ್ಷಣ ಮಳೆ ಹೊಡೆದಂತೆ,
ಆಮೇಲೆ ಮದುವೆಮನೆ.
ನಿಜದ ಹೆಂಗಸರು, ನಿಜದ ಟ್ಯೂಬ್‌ಲೈಟು,
ಮಲ್ಲಿಗೆಯ ಪರದೆಯ ಹಿಂದೆ ಕತ್ತು ಬಗ್ಗಿಸಿದ ಮದುವಣಗಿತ್ತಿ,
ದಸ್ತರಖಾನಿನ ಸುತ್ತ ಗಂಡಸರು, ಹಬೆಯಾಡುವ ತಟ್ಟೆ.
ತಟ್ಟೆಯಲ್ಲೇನೆಂದು ಅಮ್ಮ ಕೇಳಲಿಲ್ಲ, ನಾವು ಹೇಳಲಿಲ್ಲ.
ಕ್ಯಾಮೆರಾಕ್ಕೆ ನಾಲಿಗೆ ಚಾಚುವ ಒಂದು ಮಗು.
ಕತೆ ಮುಗಿಯುವುದೇ ಹೀಗೆ ಎಂದುಕೊಂಡೆವು:
ದಾರಿ ತಪ್ಪಿದ ಕರಡಿ ಹಾಸನಕ್ಕೆ ಬಂದು
ಉಂಡು, ಗುಂಪಿನಲ್ಲೆಲ್ಲೋ ಕೂತಿದೆ.
ಪ್ರತಿ ಸಲವೂ ಹುಡುಕಿದೆವು, ಕಂಬದ ಹಿಂದೆ,
ಚಪ್ಪಲಿಗಳ ರಾಶಿಯ ಬಳಿ.

ಮೊನ್ನೆ ಫೋನಿನಲ್ಲಿ ಅಸಲಿ ಕೊನೆ ನೋಡಿದೆ.
ಬಾಗಿಲು ತೆರೆದವಳು ತಾಯಿ ಕರಡಿ. ಅಪ್ಪುಗೆ. ಕಾಮನಬಿಲ್ಲು. ಹಾಡು.
ಧರಣಿಗೆ ಕಳಿಸಿದೆ. ಉತ್ತರ ಬಂತು: "ಏಳಕ್ಕೆ ಹಾಕು."

ಸಮೀವುಲ್ಲಾರ ಅಂಗಡಿಯಲ್ಲೀಗ ಜೆರಾಕ್ಸು.
ಚೀಟಿಗೊಂದು ನಕಲು ತೆಗೆಸಲು ಹೋಗಿ ಮಾತಿಗೆ ಹೇಳಿದೆ.
ಯಂತ್ರದ ಮುಚ್ಚಳದ ಮೇಲೆ ಅವರ ಕೈ ನಿಂತಿತು.
"ಮಗು ನಾಲಿಗೆ ಚಾಚ್ತಿತ್ತಾ?"
ತಂಗಿ ಮೆಹರುನ್ನೀಸಾಳ ನಿಕಾಹ್. ಖಾಲಿ ಕ್ಯಾಸೆಟ್ ಮುಗಿದು
ಕೈಗೆ ಸಿಕ್ಕಿದ್ದಕ್ಕೆ ತುಂಬಿಸಿದ್ದು; ಯಾವುದಕ್ಕೆಂದು ಮರೆತು
ಆರುನೂರು ಕ್ಯಾಸೆಟ್ ಹಾಕಿ ಹಾಕಿ ನೋಡಿದರಂತೆ,
ಎಲ್ಲದರ ಶುರುವನ್ನು.
ಅಂಗಡಿ ಮುಚ್ಚುವಾಗ ಗುಜರಿಗೆ, ಕಿಲೋ ಲೆಕ್ಕ.

ಗೋಡೆಯಲ್ಲಿ ಹಳೆಯ ಬೋರ್ಡು ಇನ್ನೂ ಇದೆ:
ರಿವೈಂಡ್ ಮಾಡದೆ ತಂದರೆ ಎರಡು ರೂಪಾಯಿ ದಂಡ.
ಹನ್ನೊಂದು ಸಲದಲ್ಲಿ ಒಮ್ಮೆಯೂ ನಾವು ದಂಡ ಕಟ್ಟಿದವರಲ್ಲ.

ಚಿತ್ರ ಕಾಣುವ ಹಾಗೆಯೇ ಸುತ್ತುತ್ತಿದ್ದ ಧರಣಿ:
ತಟ್ಟೆಗಳು ತುಂಬಿಕೊಂಡವು, ಗಂಡಸರು ಹಸಿದು ಎದ್ದರು,
ಮಗುವಿನ ನಾಲಿಗೆ ಒಳಗೆ ಹೋಯಿತು,
ಮದುವಣಗಿತ್ತಿ ಹಿಮ್ಮುಖ ನಡೆದು ಅಮ್ಮನ ಕೋಣೆ ಸೇರಿದಳು,
ಗೆರೆ, ಮಳೆ,
ಬಾಗಿಲು ಮುಚ್ಚಿಕೊಂಡಿತು,
ಕರಡಿ ಅದನ್ನೇ ನೋಡುತ್ತ ಹಿಂದೆ ಹಿಂದೆ ಸರಿದು
ನದಿಯಾಚೆ ಮತ್ತೆ ದಾರಿ ತಪ್ಪಿಸಿಕೊಂಡಿತು.