ಮೂರನೇ ಜ್ವರ

ಚಾಕಿ ಹುಳು ಮನೆಗೆ ಬಂದಿದ್ದೂ ಅಕ್ಕ ಹೆತ್ತಿದ್ದೂ ಒಂದೇ ಬುಧವಾರ.
ಹುಳುವನ್ನು ನಾನು ಇಳಿಸಿಕೊಂಡೆ,
ಕೂಸನ್ನು ಜಂಗಮಕೋಟೆ ಆಸ್ಪತ್ರೆಯಲ್ಲಿ ಶಹತಾಜ್ ಸಿಸ್ಟರು.

ಶನಿವಾರ ಬೆಳಿಗ್ಗೆ ಕೂಗು.
ಸೊಪ್ಪಿನ ಹೊರೆ ಹೊಸ್ತಿಲಲ್ಲೇ ಬಿಸಾಕಿ ಓಡಿದೆ.
ಟವಲು ಬಿಚ್ಚಿ ಕೂತಿದ್ದಾಳೆ ಸುಗುಣಕ್ಕ.
ಎದೆ ತುಂಬ ಕೆಂಪು ಕಲೆ,
ಒಂದೊಂದರ ನಡುವೆ ಸಾಸಿವೆಯಷ್ಟು ಹಳದಿ.
ಸೊಳ್ಳೆ ಕಡಿದಂತಿದೆ, ಆದರೆ ಹೇಗೆ?
ಊಜಿ ನೊಣಕ್ಕೆಂದು ತಂದ ಬಲೆಯಲ್ಲಿ ಮಿಕ್ಕಿದ್ದನ್ನು ಹೊಲಿಸಿ
ತೊಟ್ಟಿಲಿಗೆ ಕಟ್ಟಿದವನು ನಾನೇ,
ಒಂದು ತೂತಿಲ್ಲ.

ಅಮ್ಮ ಮಾತಾಡದೆ ಬೇವಿನ ಸೊಪ್ಪಿಗೆ ಹೊರಟಳು.
ಪಿಳ್ಳಜ್ಜಿ ಹರಳೆಣ್ಣೆ ಎಂದಳು.
ಎದುರುಮನೆಯವಳು ಅರಿಶಿಣ ಎಂದಳು, ಬಜೆ ಎಂದಳು,
ಡಬ್ಬಿ ಪೌಡರಿನ ಹೆಸರು ನೆನಪಾಗದೆ
ಅದರ ಬಣ್ಣ ಹೇಳಿದಳು.

ಅಷ್ಟರಲ್ಲಿ ಮಾಲೂರಿನಿಂದ ವಿಡಿಯೊ ಕಾಲ್.
ಅಕ್ಕನ ಅತ್ತೆ. "ತಿರುಗಿಸಮ್ಮ, ಬೆನ್ನು ತೋರಿಸು."
ಸೊಂಟದ ಕೆಳಗೆ ನೀಲಿ,
ನೇರಳೆ ಹಣ್ಣು ತಿಂದ ಬಾಯಿ ಒರೆಸಿದ ಹಾಗೆ.
"ಯಾರು ಕೈ ಮಾಡಿದ್ದು ಮಗೂಗೆ?"

ಯಾರೂ ಉಸಿರೆತ್ತಲಿಲ್ಲ.
ಫೋನು ಹಿಡಿದ ನನ್ನ ಕೈ ನಾನೇ ನೋಡಿಕೊಂಡೆ:
ಸೊಪ್ಪಿನ ಹಾಲು ಒಣಗಿ ಕಪ್ಪಾದ ಬೆರಳು.
ಈ ಕೈಗೆ ಇನ್ನೂ ಒಮ್ಮೆಯೂ
ಕೊಟ್ಟಿರಲಿಲ್ಲ ಅವಳನ್ನು.

ಮಧ್ಯಾಹ್ನ ಸ್ಕೂಟಿ ನಿಲ್ಲಿಸಿ ಬಂದ ಸಿಸ್ಟರು
ಮೊಳಕೈವರೆಗೆ ತೊಳೆದುಕೊಂಡು, ನೋಡಿ, ನಕ್ಕರು.
"ಅಮ್ಮನೂ ಅಲ್ಲ, ದೃಷ್ಟಿನೂ ಅಲ್ಲ.
ಇವತ್ತು ಎದೇಲಿರೋದು ನಾಳೆ ತೊಡೇಲಿರ್ತದೆ,
ಆಮೇಲೆ ಹುಡುಕಿದ್ರೂ ಸಿಗಲ್ಲ.
ಮೂಗಿನ ಮೇಲೆ ರವೆ ಐತಲ್ಲ, ಅದನ್ನ ಹಿಂಡೀರಾ ಮತ್ತೆ!"
ನೀಲಿಗೆ ತಾಯಿ ಕಾರ್ಡು ತರಿಸಿದರು.
ಹುಟ್ಟಿದ ದಿನ ತಾವೇ ಬರೆದ ಸಾಲನ್ನು
ಮಾಲೂರಿಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದರು.
"ನಮ್ಮ ಮೂರು ಮಕ್ಕಳಿಗೂ ಇತ್ತು ಇದು, ಅಜ್ಜಿ.
ಹುಟ್ಟಿನಿಂದ ಬಂದ ಬಣ್ಣ, ಹೊಡೆದ ಗುರುತಲ್ಲ."

ಹೊರಡುವಾಗ ನಗು ಬಿಟ್ಟು ಹೇಳಿದರು:
ಮೈ ಸುಟ್ಟರೆ, ಹಾಲು ಬಿಟ್ಟರೆ, ಗುಳ್ಳೆ ಕೀವಾದರೆ
ಎಷ್ಟು ಹೊತ್ತಾದರೂ ಕರಕೊಂಡು ಬನ್ನಿ.
ಇಲ್ಲವಾದರೆ ಏನೂ ಹಚ್ಚಬೇಡಿ,
ಏನೂ ಮಾಡಬೇಡಿ.

ಏನೂ ಮಾಡದಿರುವುದು ಎಂಥ ಕೆಲಸವೆಂದು
ನಮ್ಮ ಮನೆಗೆ ಗೊತ್ತಿರಬೇಕಿತ್ತು.

ಆ ರಾತ್ರಿ ಹುಳು ಜ್ವರಕ್ಕೆ ಕೂತವು.
ಮೇಯುವ ಸದ್ದು ನಿಂತು
ಮನೆಗೆ ಕಿವಿ ಅಡೈಸಿದಂತಾಯಿತು.
ಸಾವಿರ ತಲೆ ಮೇಲೆತ್ತಿ, ಅಲ್ಲಾಡದೆ,
ಹಳೆ ಚರ್ಮ ಬಿಗಿದು ಹೊಳೆಯುತ್ತ.
ಸೊಪ್ಪು ಹಾಕಬಾರದು, ಮುಟ್ಟಬಾರದು,
ಸುಣ್ಣದ ಪುಡಿ ಉದುರಿಸಿ ಬಾಗಿಲೆಳೆದುಕೊಳ್ಳಬೇಕು.
ಅಪ್ಪ ಕಲಿಸಿದ್ದು ಇಷ್ಟೇ, ಮತ್ತು ಇಷ್ಟನ್ನೇ
ನಾನು ಕಲಿಯಲು ವರ್ಷಗಳಾದವು:
ಒಂಬತ್ತರ ವಯಸ್ಸಿನಲ್ಲಿ, ಒದ್ದಾಡುವ ಒಂದು ಹುಳುವಿಗೆ
ಉಗುರಿನಿಂದ ಚರ್ಮ ಬಿಡಿಸಿಕೊಟ್ಟಿದ್ದೆ.
ಅಂಗೈಯಲ್ಲಿ ಹಸಿರು ನೀರಾಯಿತು.

ನಡುರಾತ್ರಿ ಒಳಗೆ ಇಣುಕಿದೆ.
ಅಕ್ಕ ಮಲಗಿಲ್ಲ, ಮೊಬೈಲ್ ಟಾರ್ಚಿಗೆ ಸೀರೆಯಂಚು ಮುಚ್ಚಿ
ಮಗಳ ಮೈ ಎಣಿಸುತ್ತಿದ್ದಾಳೆ.
"ಹೊಟ್ಟೆಗೆ ಬಂತು ಕಣೋ, ಎದೆಯದು ಹೋಯಿತು."
ಆರಿಸು ಅಂದೆ. ಆರಿಸಿದಳು.
ಹೆಜ್ಜೆ ತಿರುಗಿಸುವಷ್ಟರಲ್ಲಿ ಮತ್ತೆ ಬೆಳಕು.

ಸೋಮವಾರ ಹುಳು ಎದ್ದಿದ್ದವು.
ಹಾಸಿಗೆ ತುಂಬ ಬಿಟ್ಟುಹೋದ ಅಂಗಿ.
ಮೂರು ಸಲ ಕೈ ತೊಳೆಸಿ, ಗೋಡೆಗೊರಗಿಸಿ ಕೂರಿಸಿ
ಕೊನೆಗೂ ಮಡಿಲಿಗಿಟ್ಟರು.
ಕಾಲಗಂಟಿನಲ್ಲಿ ಈರುಳ್ಳಿ ಪೊರೆಯಂಥ ಸಿಪ್ಪೆ,
ಅರ್ಧ ಎದ್ದು, ಅರ್ಧ ಅಂಟಿ.
ನನ್ನ ಉಗುರನ್ನು ಮಡಚಿಕೊಂಡೆ.

ಅಂಗಾಲಿನಿಂದ ಹರಳೆಣ್ಣೆಯ ವಾಸನೆ.
ಪಿಳ್ಳಜ್ಜಿ ಸೂರಿನ ಕಡೆ ನೋಡುತ್ತಿದ್ದಳು.
ನಾನೂ ನೋಡಿದೆ ಸೂರನ್ನು.
ಹಸಿದು ಎದ್ದವಕ್ಕೆ ಸೊಪ್ಪು ಹೊತ್ತು ಮೀರಿತ್ತು.